ದರಕು ಗುಡಿಸಬೇಕಾ, ಬೆಂಕಿ ಲೈನ್ ಸುಡಬೇಕಾ? ಬೆಟ್ಟದ ಪಕ್ಕದ ಮನೆಯವರಿಗೆ ಒಂದು ಹೋಲಿಕೆ

ಇಷ್ಟು ಮಳೆ ಬೀಳುವ ಊರಿಗೆ ಕಾಳ್ಗಿಚ್ಚು ಹೇಗೆ ಬರುತ್ತದೆ ಎಂದು ಬಯಲುಸೀಮೆಯ ನೆಂಟರು ಕೇಳುತ್ತಾರೆ. ನಮ್ಮ ಉತ್ತರ ಕನ್ನಡದ ಕಾರವಾರ, ಹೊನ್ನಾವರ ಕಡೆ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಶಿರಸಿಯೂ ಒಣ ಊರೇನಲ್ಲ. ಆದರೆ ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಅದೇ ಮಳೆಗೆ ಕರಡ ಎಂಬ ಗುಡ್ಡದ ಹುಲ್ಲು ಸೊಂಟದೆತ್ತರ ಬೆಳೆಯುತ್ತದೆ. ಕಳೆ ಮೈತುಂಬಿಕೊಳ್ಳುತ್ತದೆ. ದೀಪಾವಳಿ ಕಳೆದ ಮೇಲೆ ಎಲ್ಲ ಒಣಗಲು ಶುರು. ಸಂಕ್ರಾಂತಿ ದಾಟಿದರೆ ಮರಗಳೂ ಎಲೆ ಉದುರಿಸುತ್ತವೆ. ಶಿವರಾತ್ರಿ ಹೊತ್ತಿಗೆ ಬೆಟ್ಟದಲ್ಲಿ ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. ಮಳೆ ಜಾಸ್ತಿ ಅಂದರೆ ಬೇಸಿಗೆಗೆ ಉರುವಲೂ ಜಾಸ್ತಿ ಅಂತಲೇ ಅರ್ಥ.

ಒಣಗಿ ಉದುರಿದ ಎಲೆಗೆ ನಮ್ಮ ಕಡೆ ದರಕು ಅನ್ನುತ್ತೇವೆ. ಘಟ್ಟದ ಕೆಳಗೆ ತರಗೆಲೆ ಅಂದರೂ ಸರಿ. ಈ ಬರಹ ಆ ದರಕಿನ ಬಗ್ಗೆ, ಕರಡದ ಬಗ್ಗೆ, ಮನೆಯ ಹತ್ತಿರದವರೆಗೆ ಬಂದು ನಿಂತ ಪೊದೆಗಳ ಬಗ್ಗೆ. ಇವನ್ನು ಏನು ಮಾಡಬೇಕು? ಗುಡಿಸುವುದು, ಮೊದಲೇ ಸುಡುವುದು, ಯಂತ್ರದಲ್ಲಿ ಕತ್ತರಿಸುವುದು, ದನ ಮೇಯಿಸುವುದು, ಔಷಧ ಹೊಡೆಯುವುದು, ಅಗಳ ಅಂದರೆ ಕಂದಕ ತೋಡುವುದು, ಹಸಿರು ಬೇಲಿ ಬೆಳೆಸುವುದು. ದಾರಿ ಹಲವು. ಎಲ್ಲ ಊರಿಗೂ ಒಂದೇ ದಾರಿ ಹೊಂದುವುದಿಲ್ಲ.

ಮೊದಲು ನಿಮ್ಮ ಬೆಟ್ಟ ಯಾವುದು ನೋಡಿ

ಅಂಕೋಲಾ, ಕುಮಟಾ ಕಡೆಯ ಚಿರೆಕಲ್ಲು ಗುಡ್ಡ ಬೇರೆ. ಅಲ್ಲಿ ಕರಡ, ಗೇರು, ಅಕೇಶಿಯಾ ನೆಡುತೋಪು. ಅಕೇಶಿಯಾ ಎಲೆ ಬೇಗ ಕೊಳೆಯುವುದಿಲ್ಲ, ಪದರದ ಮೇಲೆ ಪದರ ಕೂರುತ್ತದೆ. ಮಧ್ಯಾಹ್ನ ಪಡುಗಾಳಿ ಎದ್ದರೆ ಬೆಂಕಿ ಗುಡ್ಡ ಹತ್ತಲು ಹೊತ್ತು ಬೇಕಿಲ್ಲ.

ಹಳಿಯಾಳ, ಮುಂಡಗೋಡದಲ್ಲಿ ತೇಗ, ಮತ್ತಿ, ನಂದಿ. ಪೂರ್ತಿ ಎಲೆ ಉದುರಿಸುವ ಕಾಡು. ಬಿಸಿಲು ನೇರ ನೆಲಕ್ಕೆ ಬೀಳುತ್ತದೆ.

ಶಿರಸಿ, ಸಿದ್ದಾಪುರದ ಸೊಪ್ಪಿನ ಬೆಟ್ಟ ಇವೆರಡರ ನಡುವಿನದು. ಬ್ರಿಟಿಷರ ಕಾಲದಿಂದ ಅಡಿಕೆ ತೋಟಕ್ಕೆ ಸೊಪ್ಪು, ದರಕು ತರಲು ಬಿಟ್ಟ ಜಾಗ ಅದು. ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಎಂಬ ಲೆಕ್ಕ ಹಿರಿಯರ ಬಾಯಲ್ಲಿ ಈಗಲೂ ಇದೆ. ಪಕ್ಕದಲ್ಲೇ ಕಾನು, ಅಂದರೆ ದಟ್ಟ ನಿತ್ಯಹಸಿರು ಕಾಡು ಇದ್ದರೆ ಅದರ ಕಥೆಯೇ ಬೇರೆ. ಕಾನಿನೊಳಗೆ ಏಪ್ರಿಲ್‌ನಲ್ಲೂ ನೆಲ ತಂಪು. ಬೆಂಕಿ ಕಾನಿನ ಅಂಚಿಗೆ ಬಂದು ತಾನಾಗಿ ಆರಿದ್ದನ್ನು ನಾನೇ ನೋಡಿದ್ದೇನೆ.

ಹಾಗಾಗಿ ಮೊದಲ ಮಾತು ಇದು: ಕಾನಿನ ಒಳಗೆ ಕತ್ತಿ ಹಾಕಬೇಡಿ. ಬೆಂಕಿಗೆ ಹೆದರಿ ಅಲ್ಲಿನ ಚಿಕ್ಕ ಗಿಡ, ಬಳ್ಳಿ ಸವರಿದರೆ ಬಿಸಿಲು ಒಳಗೆ ಬರುತ್ತದೆ. ಬಿಸಿಲಿನ ಹಿಂದೆಯೇ ಹುಲ್ಲು, ಯುಪಟೋರಿಯಂ, ಲಂಟಾನದಂಥ ಪೊದೆಕಳೆ ಬರುತ್ತವೆ. ಎರಡು ಮೂರು ವರ್ಷದಲ್ಲಿ ಸುಡದ ಕಾಡು ಸುಡುವ ಕಾಡಾಗುತ್ತದೆ. ನಮ್ಮ ಕಡೆ ನೆರಳಿಗಿಂತ ಒಳ್ಳೆಯ ಬೆಂಕಿ ಕಾವಲು ಇಲ್ಲ.

ಕ್ಯಾಲಿಫೋರ್ನಿಯಾದ ವಿಡಿಯೋ ನೋಡಿ ಮನೆ ಸುತ್ತ ಮರವೇ ಇರಬಾರದು ಎಂದು ಕೆಲವರು ಕಡಿಸಲು ಹೊರಡುತ್ತಾರೆ. ಅಲ್ಲಿಯ ಬೆಂಕಿ ಪೈನ್ ಮರದ ತಲೆಯಿಂದ ತಲೆಗೂ ಹಾರಬಲ್ಲದು. 2018ರ ನವೆಂಬರ್‌ನಲ್ಲಿ ಅಲ್ಲಿನ ಪ್ಯಾರಡೈಸ್ ಎಂಬ ಊರನ್ನು ಸುಟ್ಟ ಕಾಳ್ಗಿಚ್ಚಿನಲ್ಲಿ 85 ಜನ ಸತ್ತರು. ನಮ್ಮಲ್ಲಿಯ ಬೆಂಕಿ ಹೆಚ್ಚಾಗಿ ನೆಲದ ಮೇಲೆ ಹರಿಯುವಂಥದ್ದು. ದರಕು, ಹುಲ್ಲು, ಪೊದೆ ತಿಂದುಕೊಂಡು ಬರುತ್ತದೆ. ಆದ್ದರಿಂದ ನಮ್ಮ ಕೆಲಸ ನೆಲದ್ದು, ಮರದ್ದಲ್ಲ. ಅವರಿಂದ ಕಲಿಯಬೇಕಾದ್ದು ಒಂದಿದೆ. ಮನೆಗೆ ತಾಗಿದ ಮೊದಲ 5 ಅಡಿಯಲ್ಲಿ ಸುಡುವಂಥದ್ದು ಏನೂ ಇರಬಾರದು, 30 ಅಡಿವರೆಗೆ ತೀರಾ ಕಡಿಮೆ ಇರಬೇಕು, 100 ಅಡಿವರೆಗೆ ಒಂದು ಕಣ್ಣು ಇಟ್ಟಿರಬೇಕು ಎಂದು ಅವರು ಹೇಳುತ್ತಾರೆ. ಈ ಲೆಕ್ಕ ಇಲ್ಲಿಗೂ ಹೊಂದುತ್ತದೆ.

ದರಕು ಗುಡಿಸುವುದು

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮೇಲು. ಉಳಿದ ದಾರಿಗಳಲ್ಲಿ ಉರುವಲು ಕತ್ತರಿಸಿ ಅಲ್ಲೇ ಬೀಳುತ್ತದೆ ಅಥವಾ ಹೊಗೆಯಾಗಿ ಹೋಗುತ್ತದೆ. ಗುಡಿಸಿದರೆ ಅದು ಬೆಟ್ಟ ಬಿಟ್ಟು ತೋಟಕ್ಕೆ ಇಳಿಯುತ್ತದೆ. ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಾಗುತ್ತದೆ, ಗೊಬ್ಬರ ಗುಂಡಿ ಸೇರುತ್ತದೆ, ಅಡಿಕೆ ಬುಡಕ್ಕೆ ಮುಚ್ಚಿಗೆಯಾಗುತ್ತದೆ. ಬೇಸಿಗೆಯಲ್ಲಿ ತೋಟದ ತೇವ ನಿಲ್ಲುತ್ತದೆ. ಮನೆ ಸುಡಬಹುದಾಗಿದ್ದ ವಸ್ತುವೇ ಮರಕ್ಕೆ ತಂಪು ಕೊಡುತ್ತದೆ.

ಗುಡಿಸುವಾಗ ಒಮ್ಮೆ ಬಗ್ಗಿ ನೋಡಿ. ಮೇಲಿನ ಪದರ ಕರಕರ ಒಣಗಿರುತ್ತದೆ, ಎಲೆ ಮಡಚಿದರೆ ಮುರಿಯುತ್ತದೆ. ಅದರ ಕೆಳಗೆ ಬಣ್ಣ ಕಪ್ಪಾಗಿ ಎಲೆ ಎಲೆಗೆ ಅಂಟಿರುತ್ತದೆ. ಅದರ ಕೆಳಗೆ ಬಿಳಿ ನೂಲಿನಂಥ ಶಿಲೀಂಧ್ರ, ಒದ್ದೆ ಮಣ್ಣಿನ ವಾಸನೆ. ಬೆಂಕಿ ಮೊದಲು ಓಡುವುದು ಮೇಲಿನ ಪದರದಲ್ಲಿ. ನೀವು ತೆಗೆಯಬೇಕಾದದ್ದೂ ಅದನ್ನೇ. ಬಿದಿರು ಕಡ್ಡಿಯ ಹಿಡಿಯಿಂದ (ಪೊರಕೆಯಿಂದ) ಹಗುರವಾಗಿ ಎಳೆದರೆ ಮೇಲಿನದು ಬರುತ್ತದೆ, ಕೆಳಗಿನದು ಉಳಿಯುತ್ತದೆ. ಕೆಂಪು ಮಣ್ಣು ಕಾಣುವವರೆಗೆ ಕೆರೆಯುವುದು ಬೆಂಕಿ ತಡೆಯಲು ಬಿಡುವ ಪಟ್ಟಿಯಲ್ಲಿ ಮಾತ್ರ. ಇಡೀ ಬೆಟ್ಟವನ್ನು ಪ್ರತಿ ವರ್ಷ ಹಾಗೆ ಬೋಳಿಸಿದರೆ ಮಣ್ಣು ಜೂನ್‌ನ ಮೊದಲ ಮಳೆಗೇ ಹಳ್ಳಕ್ಕೆ ಹೋಗುತ್ತದೆ, ಹೊಸ ಸಸಿ ಏಳುವುದಿಲ್ಲ, ಬೆಟ್ಟವೇ ಬಡವಾಗುತ್ತದೆ. ಹಾಗಾಗಿದ್ದನ್ನೂ ನಮ್ಮ ಕಡೆ ಸಾಕಷ್ಟು ನೋಡಿದ್ದೇವೆ.

ತೊಂದರೆ ಇರುವುದು ಆಳಿನದು. ದರಕು ಬೀಳಲು ಶುರುವಾಗುವ ಹೊತ್ತಿಗೇ ಅಡಿಕೆ ಕೊಯ್ಲು. ಅಡಿಕೆ ಕೊನೆ (ಗೊನೆ) ಕೊಯ್ಯುವವರು, ಸುಲಿಯುವವರು ಸಿಗುವುದೇ ಕಷ್ಟ, ದರಕಿಗೆ ಯಾರು ಬರುತ್ತಾರೆ? ಮೊದಲು ಮನೆಗೆ ನಾಲ್ಕು ಜನ ಕಲ್ಲಿ (ಹಗ್ಗದ ಬಲೆ) ಹೊತ್ತು ದರಕು ತರುತ್ತಿದ್ದರು. ಈಗ ಎಷ್ಟೋ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಕೊಟ್ಟಿಗೆ ಖಾಲಿಯಾದ ಮೇಲೆ ದರಕು ತರಬೇಕೆಂಬ ಒತ್ತಡವೂ ಹೋಯಿತು. ಬೆಂಕಿ ಜಾಸ್ತಿಯಾದದ್ದಕ್ಕೆ ಬಿಸಿಲನ್ನು ಮಾತ್ರ ದೂರುವುದು ಸರಿಯಲ್ಲ. ಬೆಟ್ಟದಲ್ಲಿ ಉಳಿದುಹೋಗುತ್ತಿರುವ ದರಕೂ ಅದಕ್ಕೆ ಕಾರಣ.

ಇಡೀ ಬೆಟ್ಟ ಆಗದಿದ್ದರೆ ಪಟ್ಟಿ ಗುಡಿಸಿ. ಮನೆಯ ಸುತ್ತ 30 ಅಡಿ, ರಸ್ತೆ ಅಂಚಿನಲ್ಲಿ ಎರಡು ಮೂರು ಮೀಟರ್, ತೋಟದ ಮೇಲಂಚಿನಲ್ಲಿ ಅಷ್ಟೇ. ಎರಡು ಸಲ ಮಾಡಬೇಕು. ಜನವರಿಯಲ್ಲಿ ಒಮ್ಮೆ, ಮತ್ತಿ ಎಲೆ ಉದುರಿದ ಮೇಲೆ ಮಾರ್ಚ್ ಶುರುವಿಗೆ ಇನ್ನೊಮ್ಮೆ. ಒಂದೇ ಸಲ ಮಾಡಿ ಬಿಟ್ಟರೆ ಫೆಬ್ರವರಿ ಗಾಳಿ ಪಟ್ಟಿಯನ್ನು ಮತ್ತೆ ಮುಚ್ಚಿಬಿಡುತ್ತದೆ.

ಮೊದಲೇ ಸುಡುವುದು

ಅರಣ್ಯ ಇಲಾಖೆ ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಮಾಡುತ್ತದೆ. ನಾವು ಬೆಂಕಿ ಲೈನ್ ಅನ್ನುತ್ತೇವೆ. ಎರಡು ಅಂಚು ಸವರಿ ನಡುವಿನ ಹುಲ್ಲನ್ನು ಎಚ್ಚರದಿಂದ ಸುಡುತ್ತಾರೆ. ದೊಡ್ಡ ಕಾಡಿಗೆ, ಹೆದ್ದಾರಿ ಅಂಚಿಗೆ, ತೇಗದ ನೆಡುತೋಪಿಗೆ ಇದು ಬೇಕು. ಉದ್ದುದ್ದ ಗುಡಿಸಲು ಆಗುವುದಿಲ್ಲ ಅಲ್ವಾ?

ಮನೆಯವರು ತಾವೇ ಸುಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಸೊಪ್ಪಿನ ಬೆಟ್ಟ ನಮ್ಮ ಅನುಭೋಗದಲ್ಲಿದ್ದರೂ ಕಾಗದದಲ್ಲಿ ಅದು ಅರಣ್ಯ. ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವುದು ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಅಪರಾಧ. ಕಾನೂನು ಬಿಟ್ಟು ನೋಡಿದರೂ ಲೆಕ್ಕ ಕೂಡುವುದಿಲ್ಲ. ಸುಟ್ಟರೆ ಹುಲ್ಲು ಚೆನ್ನಾಗಿ ಚಿಗುರುತ್ತದೆ ಅನ್ನುತ್ತಾರೆ. ಹೌದು, ಚಿಗುರುತ್ತದೆ. ಮರದ ಸಸಿ ಸಾಯುತ್ತದೆ, ಹುಲ್ಲಿನ ಬೇರು ಬದುಕುತ್ತದೆ. ಲಂಟಾನವೂ ಬುಡದಿಂದ ಮತ್ತೆ ಏಳುತ್ತದೆ. ಪ್ರತಿ ವರ್ಷ ಸುಟ್ಟ ಗುಡ್ಡ ಕೊನೆಗೆ ಕರಡದ ಗುಡ್ಡವೇ ಆಗುತ್ತದೆ, ಅಂದರೆ ಮುಂದಿನ ವರ್ಷ ಇನ್ನೂ ಸುಲಭವಾಗಿ ಸುಡುತ್ತದೆ.

ಗೇರುಬೀಜ ಹೆಕ್ಕಲು ಅನುಕೂಲವಾಗಲಿ ಎಂದು ಮರದಡಿಯ ತರಗೆಲೆಗೆ ಕಡ್ಡಿ ಗೀರುವ ರೂಢಿ ಕರಾವಳಿಯಲ್ಲಿ ಇನ್ನೂ ಇದೆ. ದಯವಿಟ್ಟು ಬಿಡಿ. ಗುಡಿಸಿ ಬಚ್ಚಲ ಒಲೆಗೆ ಹಾಕಿದರೆ ಸ್ನಾನದ ನೀರಾದರೂ ಕಾಯುತ್ತದೆ.

ನಿಮ್ಮದೇ ಮಾಲ್ಕಿ ಜಾಗದಲ್ಲಿ ಸುಡಲೇಬೇಕಾದರೆ ಜನವರಿ ಮುಗಿಯುವುದರೊಳಗೆ, ಇಬ್ಬನಿ ಇರುವ ದಿನ, ಗಾಳಿ ಇಲ್ಲದ ಹೊತ್ತು. ಸುತ್ತ ಮಣ್ಣು ಕಾಣುವ ಹಾಗೆ ಕೆರೆದಿರಬೇಕು. ಮೇಲಿನ ಅಂಚಿನಿಂದ, ಗಾಳಿಗೆ ಎದುರಾಗಿ ಹಚ್ಚಬೇಕು. ಹಾಗೆ ಮಾಡಿದರೆ ಬೆಂಕಿ ಹಿಂದೆ ಹಿಂದೆ, ನಿಧಾನಕ್ಕೆ ಇಳಿಯುತ್ತದೆ. ಕೆಳಗಿನಿಂದ ಹಚ್ಚಿದರೆ ಅದು ಓಡುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಾದರೆ ಏರುವ ಬೆಂಕಿಯ ವೇಗ ಸುಮಾರು ಎರಡು ಪಟ್ಟು ಎಂಬುದು ಬೆಂಕಿ ಬಲ್ಲವರ ಹಳೆಯ ಲೆಕ್ಕ. ಪಕ್ಕದ ಮನೆಯವರಿಗೂ ಫಾರೆಸ್ಟ್ ಗಾರ್ಡರಿಗೂ ಮೊದಲೇ ಹೇಳಿ. ನೀರಿನ ಕೊಡ, ಹಸಿ ಸೊಪ್ಪಿನ ಟೊಂಗೆ, ಕನಿಷ್ಠ ಐದಾರು ಜನ. ಇಷ್ಟು ಕೂಡದಿದ್ದರೆ ಆ ದಿನ ಬೇಡ.

ಬ್ರಷ್ ಕಟರ್

ಆಳು ಸಿಗದ ಮನೆಗೆ ಹುಲ್ಲು ಸವರುವ ಈ ಯಂತ್ರ ನಿಜವಾದ ಆಸರೆ. ಹತ್ತು ಜನರ ಕತ್ತಿ ಕೆಲಸವನ್ನು ಒಬ್ಬ ಹುಡುಗ ಮಾಡಿಬಿಡುತ್ತಾನೆ. ಕರಾವಳಿಯ ಕರಡಕ್ಕೆ, ರಸ್ತೆ ಅಂಚಿಗೆ ನಾನು ಇದನ್ನೇ ಹೇಳುತ್ತೇನೆ.

ಮೂರು ಮಾತು ನೆನಪಿಡಿ. ಅಕ್ಟೋಬರ್–ನವೆಂಬರ್‌ನಲ್ಲಿ, ಹುಲ್ಲಲ್ಲಿ ಇನ್ನೂ ಹಸಿ ಇರುವಾಗಲೇ ಹೊಡೆಸಿ. ಫೆಬ್ರವರಿಯಲ್ಲಿ ಚಿರೆಕಲ್ಲಿಗೆ ಲೋಹದ ಬ್ಲೇಡ್ ತಾಗಿದರೆ ಕಿಡಿ ಹಾರುತ್ತದೆ, ಅದರಿಂದಲೇ ಬೆಂಕಿ ಬೀಳಬಹುದು. ಕಲ್ಲು ಇರುವಲ್ಲಿ ನೈಲಾನ್ ದಾರ ಹಾಕಿಸಿ. ಕಾದ ಯಂತ್ರವನ್ನು ಒಣ ಹುಲ್ಲಿನ ಮೇಲೆ ಇಡಬೇಡಿ, ಅಲ್ಲೇ ಪೆಟ್ರೋಲ್ ತುಂಬಬೇಡಿ. ಕೊನೆಯದು ಎಲ್ಲರೂ ಮರೆಯುವಂಥದ್ದು: ಕತ್ತರಿಸಿದ ಹುಲ್ಲನ್ನು ಅಲ್ಲೇ ಬಿಟ್ಟರೆ ಉರುವಲು ಮಲಗಿತು ಅಷ್ಟೇ, ಕಡಿಮೆಯಾಗಲಿಲ್ಲ. ಎಳೆದು ತಂದು ತೋಟಕ್ಕೆ ಹಾಕಿ.

ಯುಪಟೋರಿಯಂ, ಲಂಟಾನಕ್ಕೆ ಯಂತ್ರ ಸಾಲದು. ಸವರಿದರೆ ದುಪ್ಪಟ್ಟು ಚಿಗುರುತ್ತವೆ. ಸೆಪ್ಟೆಂಬರ್ ಮಳೆಗೆ ಮಣ್ಣು ಮೆತ್ತಗಿರುವಾಗ ಬೇರು ಸಹಿತ ಕಿತ್ತು ತಲೆಕೆಳಗಾಗಿ ಇಡಬೇಕು. ಯುಪಟೋರಿಯಂ ಹೂ ಬಿಡುವ ಮೊದಲೇ ಈ ಕೆಲಸ ಮುಗಿಯಬೇಕು.

ದನ, ಔಷಧ, ಬೇಲಿ

ನಮ್ಮ ನಾಟಿ ದನ ಮಲೆನಾಡು ಗಿಡ್ಡ ಬೆಟ್ಟದಲ್ಲಿ ಮೇಯುತ್ತಿದ್ದಾಗ ಹುಲ್ಲು ಈ ಪರಿ ನಿಲ್ಲುತ್ತಿರಲಿಲ್ಲ. ಯಲ್ಲಾಪುರ, ಮುಂಡಗೋಡ ಕಡೆ ಗೌಳಿಗರ ಎಮ್ಮೆಗಳು ಇಂದಿಗೂ ಆ ಕೆಲಸ ಮಾಡುತ್ತಿವೆ. ಮಳೆ ಮುಗಿದ ಹೊಸದರಲ್ಲಿ ಮೇಯಿಸಿದರೆ ಲಾಭ. ಕರಡ ಒಣಗಿ ಕಡ್ಡಿಯಾದ ಮೇಲೆ ದನ ಮೂಸಿಯೂ ನೋಡುವುದಿಲ್ಲ. ಲಂಟಾನ ತಿಂದರೆ ದನಕ್ಕೆ ವಿಷ. ಬೆಂಕಿ ತಡೆಯಲೆಂದೇ ದನ ಕಟ್ಟಿ ಎಂದು ನಾನು ಹೇಳಲಾರೆ, ಇದ್ದವರು ಆ ಲಾಭ ಪಡೆಯಲಿ.

ಕಳೆನಾಶಕ ಬೇಡವೇ ಬೇಡ. ಔಷಧ ಹೊಡೆದ ಹುಲ್ಲು ಮಾಯವಾಗುವುದಿಲ್ಲ, ನಿಂತಲ್ಲೇ ಒಣಗುತ್ತದೆ. ಹಸಿಯಾಗಿದ್ದದ್ದನ್ನು ದುಡ್ಡು ಕೊಟ್ಟು ಉರುವಲು ಮಾಡಿಸಿದ ಹಾಗೆ. ಕೆಳಗೆ ತೋಟ, ಬಾವಿ, ಹಳ್ಳ ಇರುವ ನಮ್ಮ ಊರಿಗೆ ಆ ನೀರು ಬರುವುದೂ ಬೇಡ.

ಹಸಿರು ಬೇಲಿ ನಿಧಾನದ ದಾರಿ, ಆದರೆ ನಿಲ್ಲುವ ದಾರಿ. ಬೇಸಿಗೆಯಲ್ಲೂ ಎಲೆ ಹಸಿಯಾಗಿರುವ ಗಿಡ ಬೇಕು. ಮುರುಗಲು, ಹಲಸು, ಮಾವು ಒತ್ತಾಗಿ ಬೆಳೆದರೆ ಕೆಳಗೆ ಹುಲ್ಲು ಏಳುವುದಿಲ್ಲ. ಅಂಚಿಗೆ ಕತ್ತಾಳೆ. ಗೊಬ್ಬರದ ಗಿಡವೆಂದು ಹಾಕುವ ಗ್ಲಿರಿಸಿಡಿಯಾ ಸೊಪ್ಪಿಗೆ ಒಳ್ಳೆಯದೇ, ಆದರೆ ಬೆಂಕಿ ಕಾಲಕ್ಕೇ ಎಲೆ ಉದುರಿಸುತ್ತದೆ. ಈ ಕೆಲಸಕ್ಕೆ ಅದು ಬೇಡ.

ಅಗಳದ ಒಂದು ಮಧ್ಯಾಹ್ನ

ಅಗಳದ ಬಗ್ಗೆ ನನಗೆ ಬಹಳ ನಂಬಿಕೆ ಇತ್ತು. ಬೆಟ್ಟದ ಸುತ್ತ ಎದೆಯಾಳದ ಅಗಳ ಅಜ್ಜನ ಕಾಲದ್ದು. ಬೆಂಕಿ ಅದನ್ನು ಹೇಗೆ ದಾಟುತ್ತದೆ ಅಂದುಕೊಂಡಿದ್ದೆ.

ಒಂದು ಫೆಬ್ರವರಿ, ಊಟ ಮುಗಿಸಿ ಎದ್ದ ಹೊತ್ತು. ಕೆಳಗಿನ ರಸ್ತೆಯಿಂದ ಹೊಗೆ ಎದ್ದಿತು. ನಾವು ಓಡಿ ಹೋಗುವಷ್ಟರಲ್ಲಿ ಬೆಂಕಿ ಅರ್ಧ ಏರು ಹತ್ತಿತ್ತು. ದೊಡ್ಡ ಜ್ವಾಲೆಯೇನಲ್ಲ, ಮೊಣಕಾಲೆತ್ತರ. ಆದರೆ ಸಾಲಾಗಿ, ಚಟಚಟ ಅನ್ನುತ್ತಾ ಬರುತ್ತಿತ್ತು. ಅಗಳದ ಹತ್ತಿರ ನಿಂತು ನೋಡಿದೆ. ಬೆಂಕಿ ಅಂಚಿಗೆ ಬಂತು, ಒಳಗೆ ಇಳಿಯಿತು. ಅಗಳದ ತುಂಬ ಎಷ್ಟೋ ವರ್ಷದ ದರಕು. ಗಾಳಿ ತಂದು ತುಂಬಿದ್ದು. ಅಲ್ಲಿ ಅದು ಭುಗ್ ಅಂತ ಎದ್ದು ಈಚೆ ದಡದ ಹುಲ್ಲಿಗೆ ಹತ್ತಿತು. ಅಷ್ಟುದ್ದ ಅಗಳ ಬೆಂಕಿಗೆ ಕಾಲುವೆಯಾಯಿತು.

ನಿಂತದ್ದು ಇನ್ನೂ ಮೇಲೆ. ಅಮ್ಮ ಆ ವಾರ ಕೊಟ್ಟಿಗೆಗೆಂದು ದರಕು ಗುಡಿಸಿದ ಜಾಗದಲ್ಲಿ. ಹತ್ತು ಹೆಜ್ಜೆ ಅಗಲವಿತ್ತೋ ಇಲ್ಲವೋ. ಅಲ್ಲಿಗೆ ಬಂದದ್ದೇ ಬೆಂಕಿ ಕುಗ್ಗಿ ಪಾದದೆತ್ತರವಾಯಿತು. ಹಸಿ ಟೊಂಗೆಯಲ್ಲಿ ಬಡಿದು ಆರಿಸಿದೆವು. ಆಚೆಮನೆಯ ಭಾವ ಮುಖದ ಮಸಿ ಒರೆಸಿಕೊಳ್ಳುತ್ತಾ ಕೇಳಿದ, "ಅಗಳ ತೋಡಿದರೆ ಆಯ್ತಾ ಭಾವ, ಅದರೊಳಗಿನ ದರಕು ಯಾರು ತೆಗೀತಾರೆ?"

ಅಗಳ ದನ ತಡೆಯುತ್ತದೆ, ನೀರು ಇಂಗಿಸುತ್ತದೆ. ಬೆಂಕಿ ತಡೆಯಬೇಕಾದರೆ ಅದೂ ಖಾಲಿ ಇರಬೇಕು. ಈಗ ಪ್ರತಿ ಜನವರಿ ನಮ್ಮ ಮೊದಲ ಕಲ್ಲಿ ದರಕು ಬರುವುದು ಅಗಳದಿಂದಲೇ.

ಮನೆಗೆ ತಾಗಿದ ಐದು ಅಡಿ

ಬೆಟ್ಟದ ಕಡೆ ಗಮನ ಕೊಡುವವರು ಅಂಗಳ ಮರೆಯುತ್ತಾರೆ. ಮನೆ ಸುಡುವುದು ಎಷ್ಟೋ ಸಲ ದೂರದಿಂದ ಹಾರಿ ಬಂದ ಕಿಡಿಯಿಂದ. ನಮ್ಮ ಮನೆಗಳ ಸುತ್ತ ಕಿಡಿಗೆ ಬೇಕಾದ್ದೆಲ್ಲ ಇರುತ್ತದೆ. ಅಂಗಳಕ್ಕೆ ಅಡಿಕೆ ಸೋಗೆಯ ಚಪ್ಪರ, ಗೋಡೆಗೆ ಒರಗಿಸಿದ ಸೌದೆ, ಕೊಟ್ಟಿಗೆ ಪಕ್ಕ ಹುಲ್ಲಿನ ಬಣವೆ, ಮೂಲೆಯಲ್ಲಿ ಒಣಗಿದ ತೆಂಗಿನ ಗರಿ, ಅಡಿಕೆ ಸಿಪ್ಪೆಯ ರಾಶಿ. ಹಂಚಿನ ಸಂದಿಯಲ್ಲಿ ಸೇರಿಕೊಂಡ ತರಗೆಲೆಯನ್ನಂತೂ ಯಾರೂ ನೋಡುವುದಿಲ್ಲ. ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ಹಂಚು ಕೈಯಾಡಿಸುವಾಗ ಅದು ಸಿಗುತ್ತದೆ. ಆಗ ಬೆಂಕಿ ಕಾಲವೇ ಕಳೆದಿರುತ್ತದೆ. ಒಂದು ಸಲ ಜನವರಿಯಲ್ಲೂ ಏಣಿ ಇಡಿ.

ಮನೆ ಗುಡ್ಡದ ಇಳಿಜಾರಿನಲ್ಲಿದ್ದರೆ ಸುತ್ತ ಒಂದೇ ಅಳತೆ ಬೇಡ. ಬೆಂಕಿ ಕೆಳಗಿನಿಂದ ಓಡಿ ಬರುತ್ತದೆ. ಕೆಳಬದಿಯನ್ನು ಮೇಲ್ಬದಿಯ ಎರಡು ಪಟ್ಟು ಸ್ವಚ್ಛ ಇಡಿ. ವಿದ್ಯುತ್ ತಂತಿಗೆ ಟೊಂಗೆ ತಾಗುತ್ತಿದ್ದರೆ ಬೇಸಿಗೆಗೆ ಮೊದಲೇ ಲೈನ್‌ಮನ್‌ಗೆ ಹೇಳಿ ಸವರಿಸಿ, ನೀವು ಹತ್ತಬೇಡಿ.

ಬೆಂಕಿ ಕಂಡರೆ 112ಕ್ಕೆ ಫೋನ್ ಮಾಡಿ. ಗಾರ್ಡರ ನಂಬರ್ ಅಡುಗೆಮನೆಯ ಗೋಡೆಯಲ್ಲಿ ಬರೆದಿರಲಿ. ಉಪಗ್ರಹ ನೋಡಿ ಭಾರತೀಯ ಅರಣ್ಯ ಸಮೀಕ್ಷೆ ಸಂಸ್ಥೆ ಬೆಂಕಿಯ ಎಸ್ಎಂಎಸ್ ಕಳಿಸುತ್ತದೆ, ಹೆಸರು ನೋಂದಾಯಿಸಿದರೆ ಯಾರಿಗಾದರೂ ಬರುತ್ತದೆ. ಆದರೆ ಉಪಗ್ರಹ ಮೇಲಿಂದ ಹಾದುಹೋಗುವ ಹೊತ್ತಿಗೆ ಮಾತ್ರ ಅದರ ಕಣ್ಣಿಗೆ ಬೆಂಕಿ ಬೀಳುತ್ತದೆ. ಮೊದಲು ನೋಡುವುದು ಪಕ್ಕದ ಮನೆಯವರೇ.

ನಾಲ್ಕೇ ದಿನ ಇದ್ದರೆ

ಮನೆಯಲ್ಲಿ ಇಬ್ಬರೇ ಇದ್ದೀರಿ, ಸಂಬಳಕ್ಕೆ ಒಬ್ಬ ಆಳು ನಾಲ್ಕು ದಿನ ಮಾತ್ರ ಸಿಗುತ್ತಾನೆ ಅಂತಿಟ್ಟುಕೊಳ್ಳಿ. ಹಾಗಾದರೆ ಇಡೀ ಬೆಟ್ಟದ ಚಿಂತೆ ಬಿಡಿ. ಮೊದಲ ದಿನ ಹಂಚು, ಸೌದೆ, ಚಪ್ಪರದ ಅಡಿ, ಬಣವೆಯ ಸುತ್ತ. ಬಣವೆಯನ್ನು ಮುಂದಿನ ವರ್ಷ ಮನೆಯಿಂದ 30 ಅಡಿ ಆಚೆ ಹಾಕಲು ಜಾಗ ಗುರುತು ಮಾಡಿ. ಎರಡನೆಯ ದಿನ ಮನೆಯ ಕೆಳಬದಿಯ ದರಕು, ಅದೆಲ್ಲ ಅಡಿಕೆ ಬುಡಕ್ಕೆ. ಮೂರನೆಯ ದಿನ ರಸ್ತೆ ಅಂಚು, ಬೀಡಿ ತುಂಡು ಬೀಳುವುದು ಅಲ್ಲೇ. ಕರಡ ಇದ್ದರೆ ಬಾಡಿಗೆಗೆ ಬ್ರಷ್ ಕಟರ್ ತರಿಸಿ, ಪಟ್ಟಿಯ ಅಗಲ ಹುಲ್ಲಿನ ಎತ್ತರದ ಮೂರು ಪಟ್ಟಿಗಿಂತ ಕಡಿಮೆ ಬೇಡ. ನಾಲ್ಕನೆಯ ದಿನ ಆಳನ್ನು ಕರೆದುಕೊಂಡು ಆಚೆಮನೆಗೆ ಹೋಗಿ, ಎರಡೂ ಬೆಟ್ಟದ ನಡುವಿನ ಗಡಿಯನ್ನು ಇಬ್ಬರೂ ಸೇರಿ ಗುಡಿಸಿ. ಅಲ್ಲಿ ಅಗಳ ಇದ್ದರೆ, ಅದರೊಳಗೆ ಇಳಿದು ಶುರು ಮಾಡಿ.